ಬಾಡಿಗೆಗೆ ಇಲ್ಲದ ಮೆಟ್ಟಿಲುಗಳು

ಪಟ್ಟಣದ ನಡುವೆ, ನದಿಯ ದಡದಲ್ಲಿ, ಆಧುನಿಕ ಕಚೇರಿ ಜಾಗ ಬಾಡಿಗೆಗೆ ಇದೆ. ಇಂಗ್ಲೆಂಡಿನ ಕಟ್ಟಡ ದಲ್ಲಾಳಿಗಳ ಜಾಹೀರಾತುಗಳಲ್ಲಿ ಇಂಥ ಸಾಲು ಮತ್ತೆ ಮತ್ತೆ ಕಾಣುತ್ತದೆ. ಓದುವಾಗ ಏನೂ ಅನ್ನಿಸುವುದಿಲ್ಲ. ಆದರೆ ಅದರಲ್ಲಿ ಹೇಳಿರುವ ಮೂರು ಗುಣಗಳು ಒಂದೇ ಜಾಗದಲ್ಲಿ ಸಿಗುವುದು ಅಪರೂಪ. ಪಟ್ಟಣದ ನಡುವೆ ಇರುವ ಕಟ್ಟಡ ಸಾಮಾನ್ಯವಾಗಿ ಹಳೆಯದು. ಆಧುನಿಕ ಕಚೇರಿಗೆ ಬೇಕಾದ ವಿಶಾಲ ಜಾಗ ಊರಾಚೆ ಮಾತ್ರ ಸಿಗುತ್ತದೆ. ಇನ್ನು ನದಿಯ ದಡ ಎಂದರೆ ಬಹುಕಾಲ ಅದು ದೋಣಿಯವರ, ಗೋದಾಮಿನವರ, ಕೆಸರಿನ ಜಾಗ. ಮರ್ಯಾದಸ್ಥರ ಮನೆಗಳ ಬೆನ್ನು ಅತ್ತ ಇರುತ್ತಿತ್ತು, ಮುಖವಲ್ಲ.

ಈ ಮೂರೂ ಒಂದೆಡೆ ಕೂಡಿದ ಊರೊಂದು ಲಂಡನ್ನಿನ ನೈಋತ್ಯಕ್ಕೆ, ನಗರದ ನಡುವಿನಿಂದ ಸುಮಾರು 13 ಕಿಲೋಮೀಟರ್ ದೂರದಲ್ಲಿ, ಥೇಮ್ಸ್ ನದಿಯ ಮೇಲಿದೆ. ಅದರ ಹೆಸರು ರಿಚ್‌ಮಂಡ್. ಅಲ್ಲಿನ ಹಳೆಯ ಸೇತುವೆಗೂ ಹಳೆಯ ಪುರಭವನಕ್ಕೂ ನಡುವಿನ ದಡದಲ್ಲಿ 1980ರ ದಶಕದಲ್ಲಿ ಎದ್ದ ಕಚೇರಿಗಳು ಇಡೀ ಬ್ರಿಟನ್ನಿನ ವಾಸ್ತುಶಿಲ್ಪಿಗಳನ್ನು ಎರಡು ಪಂಗಡ ಮಾಡಿ ಜಗಳಕ್ಕೆ ನಿಲ್ಲಿಸಿದವು. ಜಗಳ ಕಟ್ಟಡದ ಮುಖದ ಬಗ್ಗೆ ನಡೆಯಿತು. ಆದರೆ ಆ ದಡದ ಐದಾರು ಶತಮಾನಗಳ ಕಥೆ ನೋಡಿದರೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು ಅನ್ನಿಸುತ್ತದೆ.

ಆ ಊರಿನ ಮೊದಲ ಹೆಸರು ಶೀನ್. ಅಲ್ಲಿ ದಡದ ಮೊದಲ ದೊಡ್ಡ ಹಕ್ಕುದಾರ ರಾಜನೇ. 1377ರಲ್ಲಿ ಮೂರನೇ ಎಡ್ವರ್ಡ್ ಅಲ್ಲಿಯ ಅರಮನೆಯಲ್ಲಿ ತೀರಿಕೊಂಡ. 1394ರಲ್ಲಿ ರಾಣಿ ಆ್ಯನ್ ಅಲ್ಲೇ ಸತ್ತಾಗ, ದುಃಖ ತಡೆಯಲಾರದೆ ಎರಡನೇ ರಿಚರ್ಡ್ ಆ ಅರಮನೆಯನ್ನೇ ಕೆಡವಿಸಿದ. ಮತ್ತೆ ಕಟ್ಟಿದ್ದು 1497ರ ಕ್ರಿಸ್‌ಮಸ್ ಹೊತ್ತಿಗೆ ಬೆಂಕಿಗೆ ಆಹುತಿಯಾಯಿತು. ಏಳನೇ ಹೆನ್ರಿ ಹೊಸದಾಗಿ ಕಟ್ಟಿಸಿ, ಯಾರ್ಕ್‌ಷೈರಿನ ರಿಚ್‌ಮಂಡಿನಿಂದ ಬಂದ ತನ್ನ ಹಳೆಯ ಪದವಿಯ ಹೆಸರನ್ನೇ ಅದಕ್ಕೆ ಇಟ್ಟ. 1603ರಲ್ಲಿ ಮೊದಲನೇ ಎಲಿಜಬೆತ್ ಕಣ್ಣು ಮುಚ್ಚಿದ್ದೂ ಅಲ್ಲೇ. 1649ರಲ್ಲಿ ಮೊದಲನೇ ಚಾರ್ಲ್ಸ್‌ನ ತಲೆ ಕಡಿದ ಮೇಲೆ ಗಣರಾಜ್ಯದವರು ಅರಮನೆಯನ್ನು ಮಾರಿದರು. ಕೊಂಡವರು ಬಹುಪಾಲನ್ನು ಕೆಡವಿದರು. ಇಂದು ಉಳಿದಿರುವುದರಲ್ಲಿ ಎದ್ದು ಕಾಣುವುದು ಹೆಬ್ಬಾಗಿಲು. ರಾಜರಿಗೆ ನದಿ ಬೇಕಾಗಿದ್ದದ್ದು ನೋಟಕ್ಕಿಂತ ಹೆಚ್ಚಾಗಿ ದಾರಿಯಾಗಿ. ರಸ್ತೆಗಳು ಕೆಟ್ಟಿದ್ದ ಕಾಲದಲ್ಲಿ ಲಂಡನ್ನಿಗೆ ಹೋಗಲು ದೋಣಿಯೇ ಸುಖ.

ನದಿಯಿಂದ ಹಣ ದುಡಿಯುವ ಲೆಕ್ಕ ಕಣ್ಣಿಗೆ ಕಾಣುವಂತೆ ಬಂದದ್ದು ಸೇತುವೆಯ ಜೊತೆಗೆ. ಅಲ್ಲಿಯತನಕ ಅಲ್ಲಿದ್ದದ್ದು ದೋಣಿಗಡ. 1774ರಲ್ಲಿ ಶುರುವಾಗಿ 1777ರಲ್ಲಿ ಮುಗಿದ ರಿಚ್‌ಮಂಡ್ ಸೇತುವೆಗೆ ಬೇಕಾದ ಹಣವನ್ನು ಎತ್ತಿದ ರೀತಿ ವಿಚಿತ್ರವಾಗಿದೆ. ತಲಾ 100 ಪೌಂಡಿನ ಪಾಲುಗಳನ್ನು ಮಾರಿದರು. ಸೇತುವೆಯ ಸುಂಕ ಪಾಲುದಾರರಿಗೆ ಹಂಚಿಕೆಯಾಗುತ್ತಿತ್ತು. ಒಬ್ಬ ಪಾಲುದಾರ ಸತ್ತರೆ ಅವನ ಪಾಲು ಮಕ್ಕಳಿಗೆ ಹೋಗುವುದಿಲ್ಲ, ಬದುಕಿರುವ ಉಳಿದವರಿಗೆ ಸೇರುತ್ತದೆ. ಹೀಗೆ ಒಬ್ಬೊಬ್ಬರೇ ಕಳಚಿಕೊಂಡು, ಕೊನೆಗೆ ಉಳಿದ ಒಬ್ಬ ಪಾಲುದಾರರಿಗೆ 100 ಪೌಂಡಿನ ಮೇಲೆ ವರ್ಷಕ್ಕೆ 800 ಪೌಂಡು ಬರುತ್ತಿತ್ತು. ಅದು ಐದು ವರ್ಷಕ್ಕೂ ಮಿಕ್ಕಿ ನಡೆಯಿತು. 1859ರಲ್ಲಿ ಆ ಕೊನೆಯ ಜೀವವೂ ಹೋಯಿತು, ಸುಂಕ ನಿಂತಿತು, ಸೇತುವೆ ಎಲ್ಲರದಾಯಿತು. ಲಂಡನ್ನಿನ ಥೇಮ್ಸ್ ಮೇಲೆ ಈಗ ಉಳಿದಿರುವ ಸೇತುವೆಗಳಲ್ಲಿ ಅತ್ಯಂತ ಹಳೆಯದು ಅದೇ. ಲಾಭಕ್ಕಾಗಿ ಕಟ್ಟಿದ್ದು ಸಾರ್ವಜನಿಕವಾಗುವ ದಿನವನ್ನು ಮೊದಲ ಕರಾರಿನಲ್ಲೇ ಬರೆದಿಟ್ಟಿದ್ದರು ಎಂಬುದನ್ನು ನೆನಪಿಡಬೇಕು. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ.

1846ರಲ್ಲಿ ರೈಲು ಬಂತು. ಭಾನುವಾರ ಗಾಳಿ ಸೇವಿಸಲು ಬರುವ ಲಂಡನ್ನಿಗರಿಂದ ದಡ ತುಂಬಿತು. ಹೋಟೆಲುಗಳು, ದೋಣಿಮನೆಗಳು, ಚಹದ ತೋಟಗಳು ಎದ್ದವು. ನದಿ ಈಗ ನೋಡುವ ವಸ್ತುವಾಯಿತು. ಆದರೆ ನೋಡಬೇಕಾದ ನದಿಗೇ ಒಂದು ಕಷ್ಟ ಬಂದಿತ್ತು. ಕೆಳಗೆ ಲಂಡನ್ನಿನಲ್ಲಿದ್ದ ಹಳೆಯ ಸೇತುವೆಯ ಒತ್ತೊತ್ತಾದ ಕಂಬಗಳು ನೀರನ್ನು ಅರ್ಧ ಅಣೆಕಟ್ಟಿನಂತೆ ತಡೆಯುತ್ತಿದ್ದವು. 1831ರಲ್ಲಿ ಹೊಸ ಸೇತುವೆ ಬಂದು ಹಳೆಯದನ್ನು ಕಿತ್ತ ಮೇಲೆ ಇಳಿತದ ಹೊತ್ತಿನಲ್ಲಿ ನೀರು ಸರಸರನೆ ಸಮುದ್ರದ ಕಡೆ ಇಳಿಯತೊಡಗಿತು. ರಿಚ್‌ಮಂಡಿನ ಎದುರು ದಿನಕ್ಕೆ ಎರಡು ಸಲ ಉಳಿಯುತ್ತಿದ್ದದ್ದು ಕೆಸರು ಮತ್ತು ನಡುವೆ ಒಂದು ಸಣ್ಣ ತೊರೆ. ಊರಿನವರು ವರ್ಷಗಟ್ಟಲೆ ದೂರಿದ ಮೇಲೆ 1894ರಲ್ಲಿ ಸೇತುವೆಯ ಕೆಳಭಾಗದಲ್ಲಿ ಬಾಗಿಲುಗಳಿರುವ ಅಡ್ಡಗಟ್ಟೆ ಬಂತು. ಭರತದ ಹಿಂದೆ ಮುಂದೆ ಸುಮಾರು ಎರಡೆರಡು ಗಂಟೆ ಬಾಗಿಲು ಮೇಲೆತ್ತುತ್ತಾರೆ, ಉಳಿದ ಹೊತ್ತು ಇಳಿಸಿ ನೀರನ್ನು ಹಿಡಿದಿಡುತ್ತಾರೆ. ಅಂದರೆ ಇವತ್ತು ಕಚೇರಿಯ ಕಿಟಕಿಯಿಂದ ಕಾಣುವ ತುಂಬು ನದಿ ಪೂರ್ತಿ ಪ್ರಕೃತಿಯದಲ್ಲ, ಅದು ನೂರಕ್ಕೂ ಹೆಚ್ಚು ವರ್ಷಗಳಿಂದ ಸಾರ್ವಜನಿಕ ಖರ್ಚಿನಲ್ಲಿ ನಡೆದುಬಂದ ಕೆಲಸ. ದುರಸ್ತಿಗಾಗಿ ಶರತ್ಕಾಲದಲ್ಲಿ ಕೆಲವು ವಾರ ಬಾಗಿಲು ಎತ್ತಿಯೇ ಇಟ್ಟಾಗ ಹಳೆಯ ಕೆಸರು ಮತ್ತೆ ಕಾಣುತ್ತದೆ.

ನೋಟವನ್ನು ಕಾಪಾಡುವ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ರಿಚ್‌ಮಂಡ್ ಗುಡ್ಡದ ಮೇಲಿಂದ ಕಾಣುವ ನದಿಯ ತಿರುವನ್ನು ಉಳಿಸಲೆಂದೇ 1902ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಆ ನೋಟದೊಳಗೆ ಬರುವ ಹೊಲ, ಹುಲ್ಲುಗಾವಲುಗಳಲ್ಲಿ ಮನೆಗಳು ಏಳದಂತೆ ತಡೆ ಬಿತ್ತು. ನೋಟಕ್ಕೆ ಬೆಲೆ ಇದೆ, ಆದ್ದರಿಂದ ಅದನ್ನು ಮಾರಬಹುದು ಎಂದು ಕಟ್ಟಡದವರು ಕಂಡುಕೊಂಡಂತೆಯೇ, ಬೆಲೆ ಇದೆ, ಆದ್ದರಿಂದ ಮಾರಬಾರದು ಎಂದು ಊರೂ ಕಂಡುಕೊಂಡಿತ್ತು.

ಇನ್ನು ಕಚೇರಿಗಳ ಕಥೆ. ಎರಡನೇ ಮಹಾಯುದ್ಧದ ನಂತರ ಲಂಡನ್ನಿನ ನಡುಭಾಗ ಗುಮಾಸ್ತರಿಂದ ಉಸಿರುಕಟ್ಟುವಷ್ಟು ತುಂಬಿತು. 1963ರಲ್ಲಿ ಸರ್ಕಾರ, ಕಚೇರಿಗಳನ್ನು ಹೊರಗೆ ಹೋಗುವಂತೆ ಪುಸಲಾಯಿಸಲು ಒಂದು ಇಲಾಖೆಯನ್ನೇ ತೆರೆಯಿತು. 1965ರ ಕಾಯಿದೆಯಿಂದ ಲಂಡನ್ನಿನಲ್ಲಿ ದೊಡ್ಡ ಕಚೇರಿ ಕಟ್ಟಲು ವಿಶೇಷ ಪರವಾನಗಿ ಬೇಕಾಯಿತು. ಕಂಪನಿಗಳು ರೈಲು ಇರುವ ಹೊರವಲಯದ ಪಟ್ಟಣಗಳತ್ತ ನೋಡತೊಡಗಿದವು. ದಕ್ಷಿಣದ ಕ್ರಾಯ್ಡನ್ ಪಟ್ಟಣ ಕೆಲವೇ ವರ್ಷಗಳಲ್ಲಿ ಕಾಂಕ್ರೀಟು, ಗಾಜಿನ ಗೋಪುರಗಳಿಂದ ತುಂಬಿಹೋಯಿತು.

ಅದೇ 1965ರಲ್ಲಿ ರಿಚ್‌ಮಂಡ್ ಪುರಸಭೆಯನ್ನು ಅಕ್ಕಪಕ್ಕದ ಟ್ವಿಕನ್‌ಹ್ಯಾಮ್, ಬಾರ್ನ್ಸ್ ಜೊತೆ ಸೇರಿಸಿದರು. ಆಡಳಿತ ನದಿಯಾಚೆಯ ಟ್ವಿಕನ್‌ಹ್ಯಾಮಿಗೆ ಹೋಯಿತು. 1893ರಲ್ಲಿ ಕಟ್ಟಿದ ಪುರಭವನಕ್ಕೆ ಕೆಲಸವಿಲ್ಲದಾಯಿತು. ಅದರ ಪಕ್ಕದ ಹಳೆಯ ಹೋಟೆಲು, ಮನೆಗಳು ಪಾಳುಬಿದ್ದವು. ಪಟ್ಟಣದ ನಟ್ಟನಡುವೆ, ನದಿಯ ದಡದಲ್ಲೇ, ಸೇತುವೆಯ ಮಗ್ಗುಲಲ್ಲೇ ಇದ್ದ ಜಾಗ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಏನು ಕಟ್ಟಬೇಕು ಎಂಬುದರಲ್ಲಿ ಒಮ್ಮತ ಇರಲಿಲ್ಲ. ಹಣ ಬರುವುದು ಕಚೇರಿಯಿಂದ, ಆದರೆ ಕ್ರಾಯ್ಡನ್ನಿನಂಥದ್ದು ಇಲ್ಲಿ ಬೇಡ.

ಆ ಕಗ್ಗಂಟನ್ನು ಬಿಡಿಸಿದವರು ಕ್ವಿನ್ಲನ್ ಟೆರ್ರಿ ಎಂಬ ವಾಸ್ತುಶಿಲ್ಪಿ. ಗಾಜು, ಉಕ್ಕಿನ ಆಧುನಿಕ ಶೈಲಿಯನ್ನು ಒಪ್ಪದೆ ಹಳೆಯ ಶಾಸ್ತ್ರೀಯ ಶೈಲಿಯಲ್ಲೇ ಕಟ್ಟುತ್ತಿದ್ದ ಕೆಲವೇ ಮಂದಿಯಲ್ಲಿ ಅವರೊಬ್ಬರು. ಅವರು ಒಂದೇ ದೊಡ್ಡ ಕಟ್ಟಡದ ಬದಲು, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಯಜಮಾನರು ಕಟ್ಟಿಸಿದಂತೆ ಕಾಣುವ ಕಟ್ಟಡಗಳ ಸಾಲೊಂದನ್ನು ಬರೆದರು. ಒಂದಕ್ಕೆ ಕಂಬಗಳ ಮುಖಮಂಟಪ, ಇನ್ನೊಂದಕ್ಕೆ ಬರಿಯ ಇಟ್ಟಿಗೆ, ಮತ್ತೊಂದರ ನೆತ್ತಿಗೆ ಪುಟ್ಟ ಗುಮ್ಮಟ. ಉಳಿಸಬಹುದಾದ ಹಳೆಯ ಕಟ್ಟಡಗಳನ್ನು ಉಳಿಸಿ ಈ ಸಾಲಿಗೆ ಸೇರಿಸಿಕೊಂಡರು. 1984ರಲ್ಲಿ ಕೆಲಸ ಶುರುವಾಯಿತು. 1988ರಲ್ಲಿ ರಾಣಿ ಬಂದು ಉದ್ಘಾಟಿಸಿದರು. ಹಳೆಯ ಪುರಭವನ ಊರಿನ ಮ್ಯೂಸಿಯಂ ಮತ್ತು ಗ್ರಂಥಾಲಯದ ಮನೆಯಾಯಿತು.

ಜಗಳ ಎದ್ದದ್ದು ಆ ಕಿಟಕಿಗಳ ಹಿಂದೆ ಇದ್ದದ್ದರಿಂದ. ಹೊರಗೆ ಹದಿನೆಂಟನೇ ಶತಮಾನದ ಮನೆ, ಒಳಗೆ ಕಾಂಕ್ರೀಟಿನ ನೆಲ, ಇಳಿಬಿಟ್ಟ ತಾರಸಿ, ಟ್ಯೂಬ್‌ಲೈಟು, ಗೋಡೆಗಳಿಲ್ಲದ ವಿಶಾಲ ಹಾಲ್. ಹೊರಗೆ ಬೇರೆ ಬೇರೆಯಾಗಿ ಕಾಣುವ ಎರಡು ಮನೆಗಳೊಳಗೆ ಒಂದೇ ಕಚೇರಿ ಹಾದುಹೋಗಬಹುದು. ಇದು ನಾಟಕದ ಪರದೆ ಎಂದರು ಆಧುನಿಕರು. ಜನರಿಗೆ ಇಷ್ಟವಾಗುವಂಥದ್ದನ್ನು ಕಟ್ಟುವುದು ಯಾವಾಗಿನಿಂದ ತಪ್ಪಾಯಿತು ಎಂದರು ಇನ್ನೊಂದು ಪಂಗಡದವರು. 1984ರಲ್ಲೇ ಆಧುನಿಕ ವಾಸ್ತುಶಿಲ್ಪದ ಮೇಲೆ ಬಹಿರಂಗ ಭಾಷಣದಲ್ಲಿ ಹರಿಹಾಯ್ದಿದ್ದ ಆಗಿನ ಯುವರಾಜ ಚಾರ್ಲ್ಸ್ ಈ ಕಟ್ಟಡಗಳನ್ನು ಮೆಚ್ಚಿದರು. ಜಗಳಕ್ಕೆ ತುಪ್ಪ ಸುರಿದಂತಾಯಿತು. 1986ರಲ್ಲಷ್ಟೇ ಲಂಡನ್ನಿನ ನಡುವೆ ರಿಚರ್ಡ್ ರಾಜರ್ಸ್ ಅವರ ಲಾಯ್ಡ್ಸ್ ಕಟ್ಟಡ ಮುಗಿದಿತ್ತು. ಅದರ ಕೊಳವೆ, ಲಿಫ್ಟು ಎಲ್ಲವೂ ಮೈಮೇಲೇ, ಹೊರಗೇ. ಒಂದೇ ದಶಕ, ಒಂದೇ ಉದ್ದೇಶ, ಒಂದು ಕರುಳನ್ನೇ ತೋರಿಸಿತು, ಇನ್ನೊಂದು ಕಾಗದ, ಕಂಪ್ಯೂಟರುಗಳನ್ನು ಅಜ್ಜನ ಕೋಟಿನೊಳಗೆ ಮುಚ್ಚಿಟ್ಟಿತು. ಮುಂದೆ ಇಬೇ ಎಂಬ ಅಂತರ್ಜಾಲದ ಸಂತೆಯ ಬ್ರಿಟನ್ ಕಚೇರಿ ಹಲವು ವರ್ಷ ಈ ಅಜ್ಜನ ಕೋಟಿನಲ್ಲೇ ನಡೆಯಿತು.

ಮುಂಬೈನ ಓದುಗರಿಗೆ ಇದು ಹೊಸದಲ್ಲ. ಪೊವಾಯಿ ಕೆರೆಯ ಬಳಿಯ ಹೀರಾನಂದಾನಿ ಬಡಾವಣೆಯಲ್ಲಿ ಹಫೀಜ್ ಕಾಂಟ್ರಾಕ್ಟರ್ ಬರೆದ ಗ್ರೀಕ್, ರೋಮನ್ ಕಂಬಗಳ ಗೋಪುರಗಳನ್ನು ನೋಡಿ ನಕ್ಕವರೂ ಇದ್ದಾರೆ, ಅಲ್ಲೇ ಮನೆ ಬೇಕೆಂದು ಹಂಬಲಿಸಿದವರೂ ಇದ್ದಾರೆ. ಬಹಳ ಸಲ ಇಬ್ಬರೂ ಒಂದೇ ಮನುಷ್ಯ.

ಆದರೆ ಮುಖದ ಸುಳ್ಳು ನಿಜಗಳ ಈ ಚರ್ಚೆಯಲ್ಲಿ ಕಟ್ಟಡಗಳ ಮುಂದಿನ ಜಾಗದ ಕಡೆ ಗಮನ ಹೋದದ್ದು ಕಡಿಮೆ. ಟೆರ್ರಿ ಕಟ್ಟಡಗಳನ್ನು ನೀರಿನ ಅಂಚಿಗೆ ತಂದು ನಿಲ್ಲಿಸಲಿಲ್ಲ. ಅವುಗಳ ಮುಂದೆ ಇಳಿಜಾರಿನ ಹುಲ್ಲುಹಾಸು, ಅಗಲವಾದ ಮೆಟ್ಟಿಲು, ಕೆಳಗೆ ಕಾಲುದಾರಿ. ಅದಕ್ಕೆ ಬೇಲಿ ಇಲ್ಲ, ಟಿಕೆಟ್ ಇಲ್ಲ. ಬಿಸಿಲು ಬಿದ್ದ ದಿನ ಊರಿಗೆ ಊರೇ ಅಲ್ಲಿ ಕೂತಿರುತ್ತದೆ. ಬಾಡಿಗೆದಾರ ಹಣ ಕೊಟ್ಟು ಪಡೆಯುವ ನೋಟವನ್ನು ಶಾಲೆ ಬಿಟ್ಟ ಹುಡುಗರು ಪುಕ್ಕಟೆಯಾಗಿ, ಅವನಿಗಿಂತ ಹತ್ತಿರದಿಂದ ನೋಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಗಳಲ್ಲಿ ನದಿಯೇ ಎದ್ದು ಬಂದು ಕಾಲುದಾರಿಯನ್ನೂ ಕೆಳಗಿನ ಮೆಟ್ಟಿಲುಗಳನ್ನೂ ಮುಳುಗಿಸುತ್ತದೆ. ಜನ ಒಂದೆರಡು ಮೆಟ್ಟಿಲು ಮೇಲೇರಿ ಕೂರುತ್ತಾರೆ. ನೀರು ಇಳಿದ ಮೇಲೆ ಮತ್ತೆ ಕೆಳಗೆ. ನದಿಗೆ ಉಬ್ಬಲು ಜಾಗ ಬಿಟ್ಟದ್ದೂ ಜನಕ್ಕೆ ಕೂರಲು ಜಾಗ ಬಿಟ್ಟದ್ದೂ ಅಲ್ಲಿ ಒಂದೇ ಕೆಲಸವಾಗಿದೆ.

ಈ ವ್ಯವಸ್ಥೆಯ ಬೆಲೆ ಈಗ ತಿಳಿಯುತ್ತಿದೆ. 2013ರಿಂದ ಇಂಗ್ಲೆಂಡಿನಲ್ಲಿ ಕಚೇರಿಗಳನ್ನು ಪೂರ್ಣ ಯೋಜನಾ ಅನುಮತಿ ಇಲ್ಲದೆ ಮನೆಗಳಾಗಿ ಬದಲಿಸಲು ಅವಕಾಶ ಬಂತು. ರಿಚ್‌ಮಂಡಿನಂಥ ಊರಿನಲ್ಲಿ ಮನೆಯ ಬೆಲೆ ಕಚೇರಿಯ ಬೆಲೆಯನ್ನು ಮೀರಿಸುತ್ತದೆ. ಊರಿನ ಕಚೇರಿಗಳು ಕರಗಿಹೋಗದಂತೆ ಅಲ್ಲಿನ ಸ್ಥಳೀಯ ಆಡಳಿತ ಹಲವು ಕಡೆ ಆ ಅವಕಾಶಕ್ಕೆ ತಡೆ ಹಾಕಬೇಕಾಯಿತು. ನಂತರ ಬಂದ ಕೋವಿಡ್, ಕಚೇರಿಗೆ ಹೋಗುವ ಅಭ್ಯಾಸವನ್ನೇ ಸಡಿಲಿಸಿತು. ಗೋಡೆಗಳ ಒಳಗೆ ನಾಳೆ ಯಾರು ಇರುತ್ತಾರೋ ಹೇಳಲಾಗದು. ಅರಮನೆ ಹೋಯಿತು, ಹೋಟೆಲು ಹೋಯಿತು, ಕಚೇರಿಯೂ ಹೋಗಬಹುದು. ಮೆಟ್ಟಿಲುಗಳ ಉಪಯೋಗ ಮಾತ್ರ ಬಾಡಿಗೆದಾರ ಬದಲಾದರೆ ಬದಲಾಗುವುದಿಲ್ಲ.

ನಮ್ಮ ನಗರಗಳೂ ಈಗ ನದಿಗಳ ಕಡೆ ಮುಖ ತಿರುಗಿಸುತ್ತಿವೆ. ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಡಗಳಿಗೆ ಗೋಡೆ ಕಟ್ಟಿ, ನದಿಯ ಅಗಲವನ್ನು 263 ಮೀಟರಿಗೆ ನಿಗದಿ ಮಾಡಿ, ನರ್ಮದೆಯ ಕಾಲುವೆಯ ನೀರು ತುಂಬಿಸಿದರು. ಜನ ನಡೆದಾಡಲು ಉದ್ದನೆಯ ದಾರಿ ಸಿಕ್ಕಿತು. ದಡದಲ್ಲಿ ಬದುಕು ಕಟ್ಟಿಕೊಂಡಿದ್ದ ಸಾವಿರಾರು ಕುಟುಂಬಗಳು ಊರಾಚೆಗೆ ಹೋದವು. ಹೊಸದಾಗಿ ದೊರೆತ ನೆಲದ ಒಂದು ಭಾಗವನ್ನು ಕಟ್ಟಡಗಳಿಗೆ ಮಾರಿ ಖರ್ಚು ಹುಟ್ಟಿಸುವುದು ಆ ಯೋಜನೆಯ ಲೆಕ್ಕದಲ್ಲೇ ಇತ್ತು. ಪುಣೆಯಲ್ಲಿ ಮುಳಾ-ಮುಠಾ ದಡದ ಯೋಜನೆಯ ಬಗ್ಗೆ ವಾದ ನಡೆಯುತ್ತಲೇ ಇದೆ. ಹೈದರಾಬಾದಿನಲ್ಲಿ ಮೂಸಿಯದೂ ಅದೇ ಕಥೆ.

ಇಂಥ ಯೋಜನೆಗಳ ಚಿತ್ರಗಳು ಬಂದಾಗ ನಾವು ಕಟ್ಟಡದ ಅಂದಚಂದದ ಬಗ್ಗೆ ಮಾತಾಡುತ್ತೇವೆ, ರಿಚ್‌ಮಂಡಿನಲ್ಲಿ ಅವರು ಮಾತಾಡಿದಂತೆ. ಕೇಳಬೇಕಾದ್ದು ಎರಡೇ ಪ್ರಶ್ನೆ. ಈ ಚಿತ್ರದಲ್ಲಿ ಯಾವ ಭಾಗ ಎಂದೆಂದಿಗೂ ಬಾಡಿಗೆಗೆ ಇಲ್ಲ? ನೀರು ಏರಿದ ದಿನ ಅದು ಎಲ್ಲಿ ಹೋಗಿ ನಿಲ್ಲಬೇಕು? 1777ರ ಸೇತುವೆಯವರು ಸುಂಕ ನಿಲ್ಲುವ ದಿನವನ್ನು ಕರಾರಿನಲ್ಲೇ ಬರೆದಿದ್ದರು. ನಮ್ಮ ಕರಾರುಗಳಲ್ಲಿ ಆ ಸಾಲು ಇದೆಯೇ ಎಂದು ಹುಡುಕುವುದು ಕಂಬ ಗ್ರೀಕೋ ರೋಮನ್ನೋ ಎಂದು ಜಗಳವಾಡುವುದಕ್ಕಿಂತ ಮುಖ್ಯ.