ನೈದಿಲೆ: ಪ್ರಭೇದ ನಿರ್ಣಯ

ನಿಂಫಿಯ ಕುಲದ ಜಲಸಸ್ಯಗಳಿಗೆ ನೈದಿಲೆ ಎಂಬುದು ಒಟ್ಟು ಹೆಸರು. ಹಾಸನ ಸೀಮೆಯೂ ಸೇರಿದಂತೆ ದಕ್ಷಿಣ ಕರ್ನಾಟಕದ ಕೆರೆಕಟ್ಟೆಗಳಲ್ಲಿ ಮುಖ್ಯವಾಗಿ ಎರಡು ಪ್ರಭೇದಗಳು ಸಿಗುತ್ತವೆ: ನಿಂಫಿಯ ನೌಚಾಲಿ ಮತ್ತು ನಿಂಫಿಯ ಪ್ಯೂಬೆಸೆನ್ಸ್. ದಂಡೆಯ ಮೇಲೆ ನಿಂತವರು ಹೂವಿನ ಬಣ್ಣ ನೋಡಿ ಇವನ್ನು ಬೇರ್ಪಡಿಸಲು ಹೋಗುತ್ತಾರೆ. ಅದನ್ನು ನಂಬುವಂತಿಲ್ಲ, ನೌಚಾಲಿ ನೀಲಿಯಾಗಿಯೂ ಇರುತ್ತದೆ, ಬಿಳಿಯಾಗಿಯೂ ಇರುತ್ತದೆ.

ಹೊತ್ತು ನೋಡುವುದು ಮೇಲು. ನೌಚಾಲಿ ಬೆಳಿಗ್ಗೆ ಅರಳಿ ಮಧ್ಯಾಹ್ನದ ನಂತರ ಮುಚ್ಚುತ್ತದೆ. ಪ್ಯೂಬೆಸೆನ್ಸ್ ರಾತ್ರಿ ಅರಳಿ ಮರುದಿನ ಬಿಸಿಲೇರುವಾಗ ಮುಚ್ಚಿಕೊಳ್ಳುತ್ತದೆ. ಎಲೆಯನ್ನು ಮಗುಚಿದರೆ ಇನ್ನಷ್ಟು ತಿಳಿಯುತ್ತದೆ: ಪ್ಯೂಬೆಸೆನ್ಸ್‌ಗೆ ಅಂಚಿನಲ್ಲಿ ಚೂಪು ಹಲ್ಲು, ಅಡಿಯಲ್ಲಿ ಉಬ್ಬಿದ ನರ ಮತ್ತು ನವಿರು ರೋಮ, ನೌಚಾಲಿಯ ಅಡಿ ನುಣುಪು, ಅಂಚು ಹಲ್ಲಿಲ್ಲದೆ ಅಥವಾ ಅಲೆಯಲೆಯಾಗಿ ಇರುತ್ತದೆ. ನೌಚಾಲಿಯ ಪರಾಗಕೋಶದ ತುದಿಯಲ್ಲಿ ಪುಟ್ಟ ಮೊನೆಯುಂಟು, ಇನ್ನೊಂದಕ್ಕಿಲ್ಲ. ಅಂಡಾಶಯವನ್ನು ಅಡ್ಡಡ್ಡ ಕೊಯ್ದರೆ ನೌಚಾಲಿಯಲ್ಲಿ ಕೋಣೆಗಳ ಪಕ್ಕದ ಗೋಡೆಗಳು ಬಿಡಿಬಿಡಿ, ಪ್ಯೂಬೆಸೆನ್ಸ್‌ನಲ್ಲಿ ಕೂಡಿಕೊಂಡಿವೆ. ಇಂಥ ಲಕ್ಷಣಗಳ ಮೇಲೆಯೇ ಹೆನ್ರಿ ಕೊನಾರ್ಡ್ 1905ರ ತನ್ನ ಗ್ರಂಥದಲ್ಲಿ ಕುಲವನ್ನು ವಿಭಾಗಿಸಿದ. ಇವೆರಡೂ ಬೇರೆ ಬೇರೆ ಉಪಕುಲಗಳಿಗೆ ಸೇರಿದವು.

ಹಾಸನ ಜಿಲ್ಲೆಯ ಸಸ್ಯಗಳಿಗೆ ಆಧಾರಗ್ರಂಥವೆಂದರೆ ಸೆಸಿಲ್ ಸಲ್ಡಾನ ಮತ್ತು ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಸಂಪಾದಿಸಿ 1976ರಲ್ಲಿ ಹೊರತಂದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’. ಸಲ್ಡಾನ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಕಟ್ಟಿದ ಹರ್ಬೇರಿಯಂ, ಅಂದರೆ ಒಣಗಿಸಿದ ಸಸ್ಯಮಾದರಿಗಳ ಸಂಗ್ರಹ, ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಆದರೆ ಜಲಸಸ್ಯವನ್ನು ಒತ್ತಿ ಒಣಗಿಸಿದರೆ ಬಣ್ಣ ಮಾಸುತ್ತದೆ, ದಪ್ಪ ಅಂಡಾಶಯ ಚಪ್ಪಟೆಯಾಗುತ್ತದೆ. ಅರಳಿದ ಹೊತ್ತು, ನೀರಿನ ಆಳ, ಬಣ್ಣ ಇವನ್ನು ಕೆರೆಯ ಬಳಿಯೇ ಬರೆದುಕೊಳ್ಳದಿದ್ದರೆ ಹಾಳೆಗೆ ಅಂಟಿಸಿದ ಮಾದರಿ ಅರ್ಧ ಮೂಕ.

ರೂಪ ಎಷ್ಟು ದಾರಿ ತಪ್ಪಿಸಬಲ್ಲದೆಂಬುದಕ್ಕೆ ತಾವರೆ ಸಾಕು. 1753ರಲ್ಲಿ ಲಿನೇಯಸ್ ಅದನ್ನೂ ನಿಂಫಿಯ ಕುಲಕ್ಕೇ ಸೇರಿಸಿದ್ದ. ನೈದಿಲೆಯ ಎಲೆ ಸೀಳಿರುತ್ತದೆ, ತಾವರೆಯದು ಇಡಿಯ ವೃತ್ತ. ತಾವರೆಯ ಪರಾಗಕ್ಕೆ ಮೂರು ಬಿರುಕು, ನೈದಿಲೆಯದಕ್ಕೆ ಇಲ್ಲ. ಆದರೂ ಅವುಗಳ ನಂಟು ಎಷ್ಟು ದೂರದ್ದೆಂಬುದು ಖಚಿತವಾದದ್ದು 1990ರ ದಶಕದಲ್ಲಿ, ಕ್ಲೋರೋಪ್ಲಾಸ್ಟಿನ ಆರ್‌ಬಿಸಿಎಲ್ ಜೀನನ್ನು ಹೋಲಿಸಿದಾಗ. ತಾವರೆಯ ಬಂಧುಗಳು ಸಿಕ್ಕಿದ್ದು ನೆಲದ ಮೇಲೆ, ಪ್ರೋಟಿಯೇಲ್ಸ್ ಗಣದಲ್ಲಿ. ಸಕಲೇಶಪುರದ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಅದೇ ಗಣದ್ದು!

ಹತ್ತಿರದ ಪ್ರಭೇದಗಳಲ್ಲಿ ಡಿಎನ್‌ಎ ಕೆಲಸ ಇಷ್ಟು ಸಲೀಸಲ್ಲ. ಹೂಬಿಡುವ ಬಹುಪಾಲು ಸಸ್ಯಗಳಲ್ಲಿ ಕ್ಲೋರೋಪ್ಲಾಸ್ಟ್ ತಾಯಿಯಿಂದ ಮಾತ್ರ ಬರುವುದರಿಂದ, ಅದೊಂದನ್ನೇ ಓದಿದರೆ ಮಿಶ್ರತಳಿಯೂ ಶುದ್ಧ ಪ್ರಭೇದದಂತೆ ಕಾಣುತ್ತದೆ. ಆದ್ದರಿಂದ ಕೋಶಕೇಂದ್ರದ ಐಟಿಎಸ್ ಎಂಬ ಡಿಎನ್‌ಎ ಭಾಗವನ್ನೂ ಜೊತೆಗಿಟ್ಟು ನೋಡುತ್ತಾರೆ. ಎರಡರ ಉತ್ತರ ಹೊಂದದಿದ್ದರೆ ಮಿಶ್ರಣದ ಸಂಶಯ. ನೈದಿಲೆಗಳು ಕುಂಡದ ಸಸ್ಯಗಳಾಗಿ ಊರೂರಿಗೆ ಮಾರಾಟವಾಗುವ ಈ ಕಾಲದಲ್ಲಿ ಇದು ಬರಿಯ ಪಂಡಿತರ ಚರ್ಚೆಯಲ್ಲ. ಶ್ರೀಲಂಕಾದಲ್ಲಿ ಹೊರಗಿನಿಂದ ಬಂದ ನೇರಳೆ ಬಣ್ಣದ ನೈದಿಲೆಯೊಂದನ್ನು ಜನ ತಮ್ಮ ರಾಷ್ಟ್ರಪುಷ್ಪವೆಂದೇ ಭಾವಿಸಿದ್ದರು. ನಿಜವಾದ ರಾಷ್ಟ್ರಪುಷ್ಪ ನೌಚಾಲಿ.

ಕೆಂಪು ನೈದಿಲೆಯ ವಿಷಯದಲ್ಲಿ ಒಮ್ಮತವಿಲ್ಲ. ರಾತ್ರಿ ಅರಳುವುದು, ಹಲ್ಲಂಚಿನ ಎಲೆ ಎರಡೂ ಪ್ಯೂಬೆಸೆನ್ಸ್‌ನಂತೆಯೇ ಇರುವುದರಿಂದ ಕೆಲವರು ಅದನ್ನು ಅದರದೇ ಒಂದು ಬಗೆ ಎನ್ನುತ್ತಾರೆ, ಉಳಿದವರು ನಿಂಫಿಯ ರೂಬ್ರ ಎಂಬ ಪ್ರತ್ಯೇಕ ಪ್ರಭೇದವಾಗಿ ಎಣಿಸುತ್ತಾರೆ.