ಮ್ಯಾಕ್ ಕಂಪ್ಯೂಟರ್‌ಗಳು ಇಂಟೆಲ್‌ಗೆ ಬದಲಾದ ಇತಿಹಾಸ

ಆ್ಯಪಲ್ ಕಂಪನಿಯು ತನ್ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಪವರ್‌ಪಿಸಿ ಪ್ರೊಸೆಸರ್‌ಗಳನ್ನು ಕೈಬಿಟ್ಟು ಇಂಟೆಲ್ ಪ್ರೊಸೆಸರ್‌ಗಳನ್ನು ಅಳವಡಿಸಿಕೊಂಡ ಬದಲಾವಣೆ ಇದು. 2005ರ ಜೂನ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದ ಡೆವಲಪರ್ ಸಮ್ಮೇಳನದಲ್ಲಿ ಸ್ಟೀವ್ ಜಾಬ್ಸ್ ಇದನ್ನು ಘೋಷಿಸಿದರು. ಹೆಚ್ಚಿನ ಬರಹಗಳು ಕಥೆಯನ್ನು ಅಲ್ಲಿಂದಲೇ ಶುರುಮಾಡುತ್ತವೆ. ದಾಖಲೆಗಳನ್ನು ನೋಡಿದರೆ ಆರಂಭ ಅದಕ್ಕಿಂತ ಬಹಳ ಹಿಂದಿದೆ.

1984ರ ಮೊದಲ ಮ್ಯಾಕಿಂಟಾಷ್‌ನಲ್ಲಿ ಮೋಟೊರೋಲಾದ 68000 ಚಿಪ್ ಇತ್ತು. 1991ರಲ್ಲಿ ಆ್ಯಪಲ್, ಐಬಿಎಂ, ಮೋಟೊರೋಲಾ ಕೈಜೋಡಿಸಿ ಪವರ್‌ಪಿಸಿಗೆ ಅಡಿಪಾಯ ಹಾಕಿದವು. 1994ರಲ್ಲಿ ಅದು ಮ್ಯಾಕ್‌ಗೆ ಬಂತು. ಇದರ ನಡುವೆಯೇ, 1992ರಲ್ಲಿ, ನಾವೆಲ್ ಕಂಪನಿಯ ಜೊತೆಗೂಡಿ ಮ್ಯಾಕ್ ವ್ಯವಸ್ಥೆಯನ್ನು ಇಂಟೆಲ್ ಮೇಲೆ ಓಡಿಸುವ 'ಸ್ಟಾರ್ ಟ್ರೆಕ್' ಎಂಬ ಯೋಜನೆ ನಡೆದು, ಮರುವರ್ಷ ನಿಂತುಹೋಯಿತು. ಇದಕ್ಕಿಂತ ಮುಖ್ಯವಾದದ್ದು ನೆಕ್ಸ್ಟ್ ಕಂಪನಿಯ ಖರೀದಿ. ಅದರ ನೆಕ್ಸ್ಟ್‌ಸ್ಟೆಪ್ ಕಾರ್ಯವ್ಯವಸ್ಥೆ 1993ರಿಂದಲೇ ಇಂಟೆಲ್ ಯಂತ್ರಗಳಲ್ಲಿ ಓಡುತ್ತಿತ್ತು. 1996ರ ಕೊನೆಯಲ್ಲಿ ಆ್ಯಪಲ್ ಅದನ್ನು ಕೊಳ್ಳಲು ಒಪ್ಪಿದಾಗ, ಮುಂದೆ ಮ್ಯಾಕ್ ಓಎಸ್ ಟೆನ್ ಆಗಲಿದ್ದ ವ್ಯವಸ್ಥೆ ಇಂಟೆಲ್ ಪರಿಚಯವನ್ನು ಹೊತ್ತುಕೊಂಡೇ ಬಂತು.

ಗೊಂದಲವಿರುವುದು ಇದರ ನಂತರದ ಅಧ್ಯಾಯದಲ್ಲಿ. ಮ್ಯಾಕ್ ಓಎಸ್ ಟೆನ್ ಐದು ವರ್ಷಗಳಿಂದ ಗುಟ್ಟಾಗಿ ಎರಡೂ ಬಗೆಯ ಪ್ರೊಸೆಸರ್‌ಗಳಿಗೆ ಸಿದ್ಧವಾಗುತ್ತಿತ್ತೆಂದು ಜಾಬ್ಸ್ 2005ರಲ್ಲಿ ಹೇಳಿದರು. 'ಮಾರ್ಕ್ಲಾರ್' ಎಂಬ ಅದರ ಗುಪ್ತನಾಮ 2002ರಲ್ಲೇ ಪತ್ರಿಕೆಗೆ ಸಿಕ್ಕಿತ್ತು. ಆದರೆ ಕೆಲಸ ಹೇಗೆ ಶುರುವಾಯಿತೆಂಬುದು ಹೊರಬಿದ್ದದ್ದು 2012ರಲ್ಲಿ, ಆ್ಯಪಲ್‌ನ ಒಬ್ಬ ಇಂಜಿನಿಯರ್‌ನ ಪತ್ನಿ ಬರೆದ ನೆನಪುಗಳಿಂದ. ಅವರ ಪ್ರಕಾರ, ಕುಟುಂಬದ ಕಾರಣಕ್ಕೆ ಅಮೆರಿಕದ ಪೂರ್ವ ಕರಾವಳಿಗೆ ಹೋಗಬಯಸಿದ ಆತ, ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವೆಂದು 2000ದಲ್ಲಿ ಇದನ್ನು ಒಬ್ಬನೇ ಕೈಗೆತ್ತಿಕೊಂಡ. 2001ರ ಡಿಸೆಂಬರ್‌ನಲ್ಲಿ ಮೇಲಧಿಕಾರಿಗಳು ಇದನ್ನು ಕಂಡು ಬೆರಗಾದರು. ಅಂದೇ ಅಂಗಡಿಯಿಂದ ಸೋನಿ ವಾಯೋ ಲ್ಯಾಪ್‌ಟಾಪ್ ತಂದು, ಸಂಜೆಯೊಳಗೆ ಅದರಲ್ಲಿ ಮ್ಯಾಕ್ ವ್ಯವಸ್ಥೆ ಓಡಿಸಲಾಯಿತು. ಮರುದಿನ ಜಾಬ್ಸ್ ಸೋನಿ ಅಧ್ಯಕ್ಷರನ್ನು ಕಾಣಲು ಜಪಾನಿಗೆ ಹೊರಟರು.

2014ರಲ್ಲಿ ಪ್ರಕಟವಾದ ಸೋನಿಯ ಮಾಜಿ ಅಧ್ಯಕ್ಷ ಕುನಿಟಾಕೆ ಆಂಡೊ ಅವರ ಹೇಳಿಕೆ ಬೇರೆ. 2001ರಲ್ಲಿ ಹವಾಯಿಯಲ್ಲಿ ಸೋನಿ ಅಧಿಕಾರಿಗಳು ಹೊಸವರ್ಷದ ಗಾಲ್ಫ್ ಮುಗಿಸುವ ಹೊತ್ತಿಗೆ, ಮ್ಯಾಕ್ ಓಎಸ್ ಓಡುತ್ತಿದ್ದ ವಾಯೋ ಹಿಡಿದು ಜಾಬ್ಸ್ ಕಾದು ನಿಂತಿದ್ದರಂತೆ. ಎರಡನ್ನೂ ಇದ್ದಂತೆ ಒಪ್ಪಿದರೆ, ವಾಯೋದಲ್ಲಿ ಮ್ಯಾಕ್ ವ್ಯವಸ್ಥೆ ಹೂಡುವುದಕ್ಕೆ ಸುಮಾರು ಹನ್ನೊಂದು ತಿಂಗಳು ಮೊದಲೇ ಅದನ್ನು ಸೋನಿಗೆ ತೋರಿಸಿದಂತಾಗುತ್ತದೆ! ಹವಾಯಿಯ ಭೇಟಿ 2002ರ ಹೊಸವರ್ಷದ್ದೆಂದು ಹಿಡಿದರೆ ಕಾಲದ ತೊಡಕು ಬಿಡಿಸಿಕೊಳ್ಳುತ್ತದೆ. ಜಾಗದ ಭಿನ್ನತೆ ಮಾತ್ರ ಉಳಿಯುತ್ತದೆ. ಎರಡೂ ಹಲವು ವರ್ಷಗಳ ನಂತರ ಹೇಳಿದ ನೆನಪುಗಳಾದ್ದರಿಂದ ಒಂದನ್ನೇ ಪ್ರಮಾಣವೆಂದು ನಂಬುವುದು ಸರಿಯಲ್ಲ. ವಾಯೋದಲ್ಲಿ ಮ್ಯಾಕ್ ವ್ಯವಸ್ಥೆ ಕೊಡುವ ಬಗ್ಗೆ ಸೋನಿಯ ಜೊತೆ ವ್ಯವಹಾರ ಕುದುರಲಿಲ್ಲ ಎಂಬುದಂತೂ ಖಚಿತ.

ಬದಲಾವಣೆಯ ಕಾರಣದ ಬಗ್ಗೆಯೂ ಒಮ್ಮತವಿಲ್ಲ. 2003ರ ಜೂನ್‌ನಲ್ಲಿ, ಐಬಿಎಂನ ಜಿ5 ಎಂಬ ಪವರ್‌ಪಿಸಿ ಚಿಪ್ ಇದ್ದ ಪವರ್ ಮ್ಯಾಕ್ ಜಿ5 ತೋರಿಸುತ್ತಾ ಜಾಬ್ಸ್ ಒಂದು ವರ್ಷದೊಳಗೆ 3 ಗಿಗಾಹರ್ಟ್ಸ್ ಬರುತ್ತದೆಂದು ಮಾತು ಕೊಟ್ಟರು. ವರ್ಷದ ನಂತರ ಬಂದದ್ದು 2.5 ಗಿಗಾಹರ್ಟ್ಸ್, ಅದನ್ನು ತಣ್ಣಗಿಡಲು ದ್ರವ ಹರಿಸಬೇಕಾಗಿತ್ತು. ಅಷ್ಟು ಬಿಸಿಯಾಗುವ ಚಿಪ್ ಲ್ಯಾಪ್‌ಟಾಪ್‌ನೊಳಗೆ ಕೂರುವಂತಿರಲಿಲ್ಲ. ಪ್ರತಿ ವ್ಯಾಟ್ ವಿದ್ಯುತ್ತಿಗೆ ಮುಂದೆ ಪವರ್‌ಪಿಸಿಯಿಂದ 15 ಪಾಲು, ಇಂಟೆಲ್‌ನಿಂದ 70 ಪಾಲು ಕೆಲಸ ಸಿಗಲಿದೆ ಎಂಬುದು ಜಾಬ್ಸ್ ಕೊಟ್ಟ ಲೆಕ್ಕ. ಆದರೆ ಘೋಷಣೆಯಾದ ತಿಂಗಳೊಪ್ಪತ್ತಿನಲ್ಲೇ, 2005ರ ಜುಲೈ 7ರಂದು, ಐಬಿಎಂ ಕಡಿಮೆ ವಿದ್ಯುತ್ ಬಳಸುವ ಜಿ5 ವರ್ಗದ ಚಿಪ್ಪನ್ನು ಪ್ರಕಟಿಸಿತು. ಹಾಗಾಗಿ ತಾಂತ್ರಿಕ ಅಸಾಧ್ಯತೆಯೊಂದೇ ಕಾರಣವೆನ್ನಲಾಗದು. ಮೈಕ್ರೋಸಾಫ್ಟ್, ಸೋನಿ, ನಿಂಟೆಂಡೊ ಮೂರರ ಹೊಸ ಆಟದ ಯಂತ್ರಗಳಿಗೂ ಐಬಿಎಂ ತಂತ್ರಜ್ಞಾನವೇ ಆಧಾರವಾಗಿದ್ದಾಗ, ಆ್ಯಪಲ್ ಅದರ ಪಾಲಿಗೆ ಸಣ್ಣ ಗಿರಾಕಿಯಾಗಿತ್ತು. ಬೆಲೆ ಮತ್ತು ಆದ್ಯತೆಯ ಈ ಜಗ್ಗಾಟಕ್ಕೆ ಸಿಗಬೇಕಾದಷ್ಟು ಒತ್ತು ಸಿಕ್ಕಿಲ್ಲ.

ತಂತ್ರಾಂಶ ಬರೆಯುವವರಿಗೆ ಎದುರಾದ ಕಷ್ಟ ಸಣ್ಣದಲ್ಲ. ಪವರ್‌ಪಿಸಿ ಮ್ಯಾಕ್ 1 ಎಂಬ ಅಂಕಿಯನ್ನು ನಾಲ್ಕು ಬೈಟುಗಳಲ್ಲಿ 00 00 00 01 ಎಂದು ಇಟ್ಟರೆ, ಇಂಟೆಲ್ 01 00 00 00 ಎಂದು ಇಡುತ್ತದೆ. ಒಂದು ಉಳಿಸಿದ ಕಡತವನ್ನು ಇನ್ನೊಂದು ಹಾಗೆಯೇ ಓದಿದರೆ 1 ಎಂಬುದು 1,67,77,216 ಆಗುತ್ತದೆ. ಇಂಥವನ್ನು ಪರೀಕ್ಷಿಸಲು ಡೆವಲಪರ್‌ಗಳಿಗೆ ಜಿ5 ಪೆಟ್ಟಿಗೆಯೊಳಗೆ 3.6 ಗಿಗಾಹರ್ಟ್ಸ್ ಪೆಂಟಿಯಂ 4 ಇದ್ದ ಯಂತ್ರವನ್ನು 999 ಡಾಲರ್‌ಗೆ, ಹಿಂತಿರುಗಿಸುವ ಷರತ್ತಿನ ಮೇಲೆ ಕೊಡಲಾಯಿತು. ಹಳೆಯ ಪ್ರೋಗ್ರಾಂಗಳಿಗೆ ಟ್ರಾನ್ಸಿಟಿವ್ ಕಂಪನಿಯ ತಂತ್ರಜ್ಞಾನ ಆಧರಿಸಿದ ರೊಸೆಟ್ಟಾ ಎಂಬ ಅನುವಾದಕ ತಂತ್ರಾಂಶ ನೆರವಾಯಿತು. ಮ್ಯಾಕ್ ಓಎಸ್ 9ರ ಕಾಲದವು ಮಾತ್ರ ಇಂಟೆಲ್ ಮ್ಯಾಕ್‌ಗಳಲ್ಲಿ ಓಡಲೇ ಇಲ್ಲ.

2006ರ ಜನವರಿ 10ರಂದು ಮೊದಲ ಇಂಟೆಲ್ ಐಮ್ಯಾಕ್ ಮತ್ತು ಮ್ಯಾಕ್‌ಬುಕ್ ಪ್ರೊ ಪ್ರಕಟವಾದವು. ಅವುಗಳ ಕೋರ್ ಡ್ಯುಯೊ ಚಿಪ್ 32 ಬಿಟ್‌ನದು, ಐಮ್ಯಾಕ್‌ನಲ್ಲಿ ಅದು ತೆರವುಗೊಳಿಸಿದ ಜಿ5 64 ಬಿಟ್‌ನದು. ಈ ಹಿನ್ನಡೆ ಕೋರ್ 2 ಡ್ಯುಯೊ ಬರುವತನಕ ಇತ್ತು. ಆಗಸ್ಟ್ 7ರಂದು ಮ್ಯಾಕ್ ಪ್ರೊ ಮತ್ತು ಎಕ್ಸ್‌ಸರ್ವ್ ಸರ್ವರ್ ಘೋಷಿಸಿ, 210 ದಿನಗಳಲ್ಲಿ ಬದಲಾವಣೆ ಮುಗಿಯಿತೆಂದು ಆ್ಯಪಲ್ ಸಾರಿತು. ಮೊದಲ ದಿನವನ್ನೂ ಸೇರಿಸಿದರೆ ಲೆಕ್ಕ ಸರಿ. ಆದರೆ ಎಕ್ಸ್‌ಸರ್ವ್ ಅಂದು ಘೋಷಣೆಯಾಯಿತಷ್ಟೆ, ಗಿರಾಕಿಗಳ ಕೈಸೇರಲು ತಿಂಗಳುಗಳು ಹಿಡಿದವು. ಮುಕ್ತಾಯವನ್ನು 2006ರ ಕೊನೆಗೆ ಹಾಕುವುದು ಹೆಚ್ಚು ನಿಖರ.

ಮ್ಯಾಕ್ ಓಎಸ್ ಟೆನ್‌ನ 2009ರ ಆವೃತ್ತಿ ಸ್ನೋ ಲೆಪರ್ಡ್ ಪವರ್‌ಪಿಸಿ ಯಂತ್ರಗಳನ್ನು ಕೈಬಿಟ್ಟಿತು, 2011ರ ಆವೃತ್ತಿ ಲಯನ್ ರೊಸೆಟ್ಟಾವನ್ನು ತೆಗೆಯಿತು. 2020ರ ಜೂನ್‌ನಲ್ಲಿ ಆ್ಯಪಲ್ ತನ್ನದೇ ಚಿಪ್‌ಗಳತ್ತ ಹೊರಳುವುದಾಗಿ ಘೋಷಿಸಿತು. 2023ರ ಜೂನ್‌ನಲ್ಲಿ ಬಂದ ಹೊಸ ಮ್ಯಾಕ್ ಪ್ರೊ, ಮಾರಾಟದಲ್ಲಿದ್ದ ಕೊನೆಯ ಇಂಟೆಲ್ ಮ್ಯಾಕ್‌ನ ಜಾಗ ತುಂಬಿತು.