ಆಟದೊಳಗೆ ನಾವು ಯಾರು?

ನಮ್ಮ ಹಟ್ಟಿಯಲ್ಲಿ ಹುಲಿ-ಕುರಿ ಆಟಕ್ಕೆ ಮಣೆ ಬೇಕಾಗಿರಲಿಲ್ಲ. ಎಷ್ಟೋ ಗುಡಿಗಳ ಹಾಸುಗಲ್ಲಿನ ಮೇಲೆ ಆ ಆಟದ ಗೆರೆ ಕೊರೆದಿರುತ್ತದೆ. ಆದರೆ ಆ ಕಲ್ಲಿನ ಮೇಲೆ ಕೂರುವ ಹಕ್ಕು ನಮಗೆ ಇರಲಿಲ್ಲ. ನಮ್ಮ ಅಜ್ಜಂದಿರು ಇದ್ದಿಲ ಚೂರು ಹಿಡಿದು ಜಗಲಿಯ ಮೇಲೇ ಗೆರೆ ಎಳೆದುಕೊಂಡು, ಕಲ್ಲನ್ನು ಹುಲಿ ಮಾಡಿ, ಹುಣಸೆ ಬೀಜವನ್ನು ಕುರಿ ಮಾಡಿ ಆಡಿದರು. ಮೇಲಿನ ಕೇರಿಯ ಮನೆಗಳಲ್ಲಿ ಪರಮಪದದ ಪಟ ಇತ್ತು. ಪುಣ್ಯ ಮಾಡಿದವನಿಗೆ ಏಣಿ, ಪಾಪ ಮಾಡಿದವನಿಗೆ ಹಾವು. ಹಾವಿನ ಬಾಯಿಗೆ ಬಿದ್ದವನು ಕೀಳು ಹುಟ್ಟಿಗೆ ಜಾರುತ್ತಾನೆ. ಮಕ್ಕಳು ಕವಡೆ ಹಾಕಿ ನಗುನಗುತ್ತಾ ಕರ್ಮಸಿದ್ಧಾಂತ ಕಲಿತರು. ಪುರಾಣ ಹೇಳುವ ಪುರೋಹಿತ ಕೂಡ ಅಷ್ಟು ಸಲೀಸಾಗಿ ಕಲಿಸಲಾರ.

ಆಟ ಬರೀ ಆಟವಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇವತ್ತು ಅದೇ ಜಗಲಿಯ ಮೇಲೆ ಹುಡುಗರು ಮೊಬೈಲು ಹಿಡಿದು ಕೂತಿದ್ದಾರೆ. ಒಂದು ಫೋನಿಗೆ ನಾಲ್ಕು ತಲೆ. ಬಂದೂಕಿನ ಆಟ. ‘ಇದರಲ್ಲಿ ನೀನು ಯಾರೋ?’ ಅಂತ ಒಬ್ಬನನ್ನು ಕೇಳಿದೆವು. ಪರದೆಯ ಮೇಲೆ ಓಡುತ್ತಿದ್ದ ಬಿಳಿ ತೊಗಲಿನ ಸಿಪಾಯಿಯನ್ನು ತೋರಿಸಿ ‘ಇವನೇ ನಾನು’ ಅಂದ. ‘ನಿನ್ನಂಥವನು ಎಲ್ಲಿದ್ದಾನೆ?’ ಅಂದರೆ ನಕ್ಕುಬಿಟ್ಟ. ‘ನಮ್ಮಂಥೋರು ಯಾಕಿರ್ತಾರಣ್ಣ ಇದರಲ್ಲಿ?’

ಆ ನಗು ನಮ್ಮನ್ನು ನಿದ್ದೆ ಮಾಡಲು ಬಿಡಲಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಕೆಲವು ಗೆಳೆಯರಿಗೆ ಸಿಟ್ಟು ಬರಬಹುದು. ಮಲದ ಗುಂಡಿಗಳಲ್ಲಿ ನಮ್ಮವರು ಉಸಿರುಗಟ್ಟಿ ಸಾಯುತ್ತಿರುವಾಗ ನಿಮಗೆ ವಿಡಿಯೋ ಗೇಮಿನ ಚಿಂತೆಯಾ ಅಂತ ಕೇಳಬಹುದು. ಕೇಳಲಿ. ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಅದಕ್ಕೂ ಏಳು ವರ್ಷ ಮೊದಲು, 1920ರಲ್ಲಿ, ಅವರು ‘ಮೂಕನಾಯಕ’ ಪತ್ರಿಕೆ ತೆಗೆದರು. ಕೆರೆಗೆ ಹೋದದ್ದೂ ಬರೀ ಬಾಯಾರಿಕೆಗಲ್ಲ, ನಾವೂ ಮನುಷ್ಯರು ಅಂತ ಸಾರುವುದಕ್ಕೆ. ನೀರಿನ ಹೋರಾಟ, ಮಾತಿನ ಹೋರಾಟ ಬೇರೆಬೇರೆ ಅಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ನಾಡೇ ಹೊತ್ತಿಕೊಂಡಿತು. ಮಂತ್ರಿ ಪದವಿ ಬಿಟ್ಟು ಅವರು ಇಳಿಯಬೇಕಾಯಿತು. ಇಷ್ಟು ದೊಡ್ಡ ಸಾಹಿತ್ಯದಲ್ಲಿ ದುಡಿಯುವ ಜನ ಎಲ್ಲಿದ್ದಾರೆ? ಅವತ್ತು ಎದ್ದ ಈ ಪ್ರಶ್ನೆಯನ್ನೇ ಇವತ್ತು ಪರದೆಯ ಮುಂದೆ ಕೇಳುತ್ತಿದ್ದೇವೆ. ಅವತ್ತು ಪುಸ್ತಕ ತೆರೆದು ನೋಡಿದೆವು. ನಮ್ಮ ತಮ್ಮಂದಿರು ಇವತ್ತು ಪುಸ್ತಕಕ್ಕಿಂತ ಹೆಚ್ಚು ಹೊತ್ತು ತೆರೆಯುವುದು ಇದನ್ನು.

ಹಾಗಾದರೆ ಇದರ ಚರಿತ್ರೆ ನೋಡೋಣ.

1971ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಮೂವರು ತರುಣರು ಮೇಷ್ಟ್ರ ತರಬೇತಿಯಲ್ಲಿದ್ದರು. ಡಾನ್ ರಾವಿಟ್ಷ್, ಬಿಲ್ ಹೈನಮನ್, ಪಾಲ್ ಡಿಲೆನ್‌ಬರ್ಗರ್. ಚರಿತ್ರೆಯ ಪಾಠ ಮಕ್ಕಳಿಗೆ ರುಚಿಸಲಿ ಅಂತ ಕಂಪ್ಯೂಟರಿಗೆ ಒಂದು ಆಟ ಬರೆದರು. ಹೆಸರು ‘ಒರೆಗಾನ್ ಟ್ರೇಲ್’. ಆಗ ಪರದೆ ಕೂಡ ಇರಲಿಲ್ಲ, ಕಾಗದದ ಮೇಲೆ ಅಕ್ಷರ ಬಡಿದು ಬರುತ್ತಿತ್ತು. ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೊರಟ ಬಿಳಿಯರ ಕುಟುಂಬವನ್ನು ಸಾಯದಂತೆ ಒರೆಗಾನ್ ಮುಟ್ಟಿಸಬೇಕು, ಇದೇ ಆಟ. ಮುಂದೆ ಅಮೆರಿಕದ ಶಾಲೆ ಶಾಲೆಗೂ ಹರಡಿತು. ಮಕ್ಕಳು ಎತ್ತು ಕೊಂಡರು, ಗುಂಡು ಕೊಂಡರು, ಹೊಳೆ ದಾಟಿದರು. ಆ ಗಾಡಿ ಹೋಗುತ್ತಿದ್ದ ನೆಲ ಯಾರದು? ಅಲ್ಲಿ ಸಾವಿರಾರು ವರ್ಷದಿಂದ ಬದುಕಿದ್ದ ಮೂಲನಿವಾಸಿಗಳು ಆಟದಲ್ಲಿ ದಾರಿಯ ಅಪಾಯವಾಗಿಯೋ ದಾರಿ ತೋರುವ ಆಳಾಗಿಯೋ ಬಂದುಹೋದರು. ತಮ್ಮ ನೆಲ ಕೈತಪ್ಪುತ್ತಿದ್ದ ಜನವಾಗಿ ಬರಲಿಲ್ಲ. ಮೂವರು ಮೇಷ್ಟ್ರುಗಳೂ ಒಳ್ಳೆಯವರೇ, ಕೆಟ್ಟದ್ದು ಬಯಸಿದವರಲ್ಲ. ಆದರೆ ಗಾಡಿಯೊಳಗೆ ಕೂತು ನೋಡಿದವನಿಗೆ ಗಾಡಿಯ ಕಿಟಕಿಯಲ್ಲಿ ಕಂಡಷ್ಟೇ ಲೋಕ. ಆ ಆಟದ ಹೊಸ ರೂಪದಲ್ಲಿ ಮೂಲನಿವಾಸಿ ಇತಿಹಾಸಕಾರರನ್ನು ಕೂರಿಸಿಕೊಂಡು ಅವರ ಮಾತು ಕೇಳಿದ್ದು 2021ರಲ್ಲಿ. ಐವತ್ತು ವರ್ಷ ಬೇಕಾಯಿತು.

1982ರಲ್ಲಿ ಇನ್ನೊಂದು ಆಟ ಬಂತು. ಜನರಲ್ ಕಸ್ಟರ್ ಎಂಬ ಸೇನಾಧಿಕಾರಿ 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಹೊಳೆಯ ಬಳಿ ಲಕೋಟಾ, ಶಯೆನ್ ಜನರ ಕೈಯಲ್ಲಿ ಸೋತು ಸತ್ತವನು. ‘ಕಸ್ಟರನ ಸೇಡು’ ಎಂಬರ್ಥದ ಹೆಸರಿನ ಈ ಆಟದಲ್ಲಿ ಆ ಕಸ್ಟರ್, ಕಂಬಕ್ಕೆ ಕಟ್ಟಿದ ಮೂಲನಿವಾಸಿ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದಷ್ಟೂ ಅಂಕ. ಯುದ್ಧದಲ್ಲಿ ಸೋತದ್ದನ್ನು ಹೆಣ್ಣಿನ ಮೈಮೇಲೆ ತೀರಿಸಿಕೊಳ್ಳುವುದು! ನಮ್ಮ ಹಳ್ಳಿಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಈ ಸೇಡು ಹೊಸದಲ್ಲ. ಮಹಿಳಾ ಸಂಘಟನೆಗಳೂ ಮೂಲನಿವಾಸಿ ಸಂಘಟನೆಗಳೂ ನ್ಯೂಯಾರ್ಕಿನಲ್ಲಿ ಒಟ್ಟಾಗಿ ಬೀದಿಗಿಳಿದವು. ವಿಡಿಯೋ ಗೇಮಿನ ವಿರುದ್ಧ ಎದ್ದ ಮೊದಮೊದಲ ಬಂಡಾಯಗಳಲ್ಲಿ ಇದೊಂದು.

2002ರಲ್ಲಿ ಅಮೆರಿಕದ ಸೈನ್ಯವೇ ಹುಡುಗರನ್ನು ಪಡೆಗೆ ಸೆಳೆಯಲು ‘ಅಮೆರಿಕಾಸ್ ಆರ್ಮಿ’ ಎಂಬ ಆಟ ಮಾಡಿ ಪುಕ್ಕಟೆ ಹಂಚಿತು. ಅದರೊಳಗಿನ ಉಪಾಯ ನೋಡಿ. ಎರಡು ಗುಂಪು ಎದುರುಬದುರು ಹೋರಾಡುತ್ತವೆ. ಎರಡು ಗುಂಪಿನವರಿಗೂ ತಾವೇ ಅಮೆರಿಕದ ಸಿಪಾಯಿಗಳಾಗಿ, ಎದುರಿನವರು ಶತ್ರುಗಳಾಗಿ ಕಾಣುತ್ತಾರೆ. ಶತ್ರುವಿನ ಮುಖ ನಿನ್ನದಾಗಲು ಸಾಧ್ಯವೇ ಇಲ್ಲ. 2022ರಲ್ಲಿ ಈ ಆಟ ನಿಂತಿತು, ಈ ಕಣ್ಕಟ್ಟು ನಿಂತಿಲ್ಲ. ಜಗಲಿಯ ಹುಡುಗ ‘ಇವನೇ ನಾನು’ ಅಂದನಲ್ಲ, ಆ ಮಾತಿನೊಳಗೆ ಇದೇ ಕಣ್ಕಟ್ಟು ಇದೆ. ಆಳುವವನ ಕಣ್ಣು ಸಾಲ ತಂದು ನೋಡಿದರೆ ನಮ್ಮ ಕೇರಿ ನಮಗೇ ಹೊಲಸಾಗಿ ಕಾಣುತ್ತದೆ.

ಈಗ ಇನ್ನೊಂದು ಮುಖ ನೋಡಿ. ನಮ್ಮ ಪೇಟೆಗಳಲ್ಲಿ ‘ಕ್ಯಾಸೆಟ್ಟು’ ಅಂತ ಕರೆಯುತ್ತಿದ್ದ ಪೆಟ್ಟಿಗೆ ನೆನಪಿರಬಹುದು. ಒಂದು ತೆಗೆದು ಇನ್ನೊಂದು ಹಾಕಿದರೆ ಆಟ ಬದಲಾಗುತ್ತಿತ್ತು. ಅದಕ್ಕೂ ಮೊದಲು ಮನೆಯ ಯಂತ್ರದೊಳಗೆ ಎಷ್ಟು ಆಟ ಇಟ್ಟಿದ್ದರೋ ಅಷ್ಟೇ. ಒಳಗೆ ಆಟದ ಚಿಪ್ಪಿರುವ ಕ್ಯಾಸೆಟ್ಟು ಬದಲಾಯಿಸಿ ಆಡುವ ಮೊದಲ ಯಂತ್ರ ‘ಚಾನೆಲ್ ಎಫ್’ 1976ರಲ್ಲಿ ಬಂತು. ಮೂಲ ಆಲೋಚನೆ ಬೇರೊಂದು ಸಣ್ಣ ಕಂಪನಿಯದು. ಅದನ್ನು ಮಕ್ಕಳ ಕೈಗೆ ಕೊಟ್ಟರೂ ಕೆಡದಂಥ ಸಾಮಾನಾಗಿ ಮಾಡಿದ್ದು ಫೇರ್‌ಚೈಲ್ಡ್ ಕಂಪನಿಯ ತಂಡ. ಆ ತಂಡದ ಮುಂದಾಳು ಜೆರಿ ಲಾಸನ್ ಎಂಬ ಕಪ್ಪು ಎಂಜಿನಿಯರ್.

ಲಾಸನ್ ಹುಟ್ಟಿದ್ದು 1940ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಬಂದರಿನಲ್ಲಿ ಮೂಟೆ ಇಳಿಸುವ ಕೆಲಸಗಾರ. ಒಂದನೇ ತರಗತಿಯಲ್ಲಿ ಅವರ ಮೇಜಿನ ಪಕ್ಕ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ಚಿತ್ರ ಇತ್ತು. ಕಾರ್ವರ್ ಗುಲಾಮಗಿರಿಯಲ್ಲಿ ಹುಟ್ಟಿ ಕೃಷಿ ವಿಜ್ಞಾನಿಯಾದವರು. ನೀನೂ ಹೀಗಾಗಬಹುದು ಅಂತ ಮೇಡಂ ಹೇಳಿದ ಆ ಮಾತು ತನ್ನನ್ನು ಬೆಳೆಸಿತು ಅಂತ ಲಾಸನ್ನರೇ ಮುಂದೆ ಹೇಳಿಕೊಂಡಿದ್ದಾರೆ.

ಗೆಳೆಯರೆ, ಒಂದು ಚಿತ್ರ. ಗೋಡೆಯ ಮೇಲಿನ ಒಂದೇ ಒಂದು ಚಿತ್ರ. ನಮ್ಮ ಕೇರಿಗಳಲ್ಲಿ ಸೋರುವ ಸೂರಿನ ಕೆಳಗೂ ನೀಲಿ ಕೋಟಿನ ಬಾಬಾಸಾಹೇಬರ ಪಟ ಯಾಕಿದೆ ಅಂತ ಕೇಳುವವರಿಗೆ ಇದಕ್ಕಿಂತ ಉತ್ತರ ಬೇಕೆ? ತನ್ನಂಥವನ ಮುಖ ಕಂಡ ಮಗು ಎದ್ದು ನಿಲ್ಲುತ್ತದೆ. ಕಾಣದ ಮಗು ‘ನಮ್ಮಂಥೋರು ಯಾಕಿರ್ತಾರಣ್ಣ’ ಅಂತ ನಗುತ್ತದೆ.

ಮರುವರ್ಷ, 1977ರಲ್ಲಿ, ಅಟಾರಿ ಕಂಪನಿಯ ಯಂತ್ರ ಬಂತು. ಅದೂ ಕ್ಯಾಸೆಟ್ಟಿನದೇ. ಹೆಸರು, ಹಣ ಎಲ್ಲ ಅದಕ್ಕೆ ಹೋಯಿತು. ಆಟ ಮಾಡುವವರ ಸಂಸ್ಥೆ ಲಾಸನ್ನರನ್ನು ಕರೆದು ಗೌರವಿಸಿದ್ದು 2011ರ ಮಾರ್ಚಿಯಲ್ಲಿ. ಏಪ್ರಿಲ್ 9ಕ್ಕೆ ಅವರು ತೀರಿಕೊಂಡರು. ದುಡಿದವನ ಹೆಸರು ಕಲ್ಲಿನಲ್ಲಿ ಕೊರೆಯಲು ಉಳಿ ಸಿಗುವುದು ಯಾವಾಗಲೂ ತಡವಾಗಿಯೇ.

ಹಾಗಂತ ನಮ್ಮ ಮುಖ ಹೇಗೆ ಬಂದರೂ ಸಾಕೆ? ಸಾಲದು. 1992ರಲ್ಲಿ, ‘ಒರೆಗಾನ್ ಟ್ರೇಲ್’ ಹಂಚುತ್ತಿದ್ದ ಸಂಸ್ಥೆಯೇ ಶಾಲೆಗಳಿಗಾಗಿ ‘ಫ್ರೀಡಂ!’ ಎಂಬ ಆಟ ತಂದಿತು. ಗುಲಾಮನಾಗಿ ಒಡೆಯನ ತೋಟದಿಂದ ತಪ್ಪಿಸಿಕೊಂಡು ಉತ್ತರಕ್ಕೆ ಓಡಬೇಕು. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಹಿರಿಯರ ಸಂಕಟ ಮಕ್ಕಳಿಗೆ ಮೋಜಾಯಿತು ಅಂತ ಕಪ್ಪು ತಂದೆತಾಯಿಗಳು ಪ್ರತಿಭಟಿಸಿದರು. ಸಂಸ್ಥೆ ಆಟವನ್ನು ಹಿಂದಕ್ಕೆ ತೆಗೆದುಕೊಂಡಿತು. ಇದರಿಂದ ನಾವು ಕಲಿಯುವುದಿದೆ. ಬಿಳಿಯ ಮಕ್ಕಳೇ ತುಂಬಿದ ತರಗತಿಯಲ್ಲಿ ಒಂದೇ ಒಂದು ಕಪ್ಪು ಮಗು ಕೂತಿದೆ ಅಂದುಕೊಳ್ಳಿ. ಮಿಕ್ಕವರಿಗೆ ಗಂಟೆ ಹೊಡೆದರೆ ಗುಲಾಮಗಿರಿ ಮುಗಿಯುತ್ತದೆ. ಆ ಮಗುವಿಗೆ ಮುಗಿಯುತ್ತದೆಯೇ? ನಮ್ಮನ್ನು ಬರೀ ಜೀತದಾಳಾಗಿ, ಬರೀ ಹೆಣವಾಗಿ ತೋರಿಸಿ ಕಣ್ಣೀರಿಡುವ ಕಥೆಗಳನ್ನು ಕನ್ನಡದಲ್ಲೂ ಬೇಕಾದಷ್ಟು ಓದಿದ್ದೇವೆ. ಕನಿಕರವೂ ಒಂದು ಬಗೆಯ ಅಂತರವೇ.

ಇನ್ನು ಲೆಕ್ಕ. 2009ರಲ್ಲಿ ಡಿಮಿಟ್ರಿ ವಿಲಿಯಮ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಹೆಚ್ಚು ಮಾರಾಟವಾದ ಆಟಗಳೊಳಗೆ ಜನಗಣತಿ ಮಾಡಿದರು. ಗಂಡಸರು, ಬಿಳಿಯರು, ವಯಸ್ಕರು ನಿಜವಾದ ಸಮಾಜದಲ್ಲಿ ಇರುವುದಕ್ಕಿಂತ ಹೆಚ್ಚು ಇದ್ದರು. ಹೆಂಗಸರು, ಹಿಸ್ಪಾನಿಕರು, ಮೂಲನಿವಾಸಿಗಳು, ಮಕ್ಕಳು, ಮುದುಕರು ಇರಬೇಕಾದ್ದಕ್ಕಿಂತ ಕಡಿಮೆ. ಕಪ್ಪು ಜನರ ಲೆಕ್ಕ ಹೆಚ್ಚುಕಮ್ಮಿ ಸರಿಯಾಗಿ ಬಂದಿತ್ತು. ಯಾಕಂದ್ರೆ ಕ್ರೀಡೆಯ ಆಟಗಳಲ್ಲಿ ಅವರು ಬಹಳ. ಓಡಲು, ಎಗರಲು ಅವರ ದೇಹ ಬೇಕು. ಕಥೆಯ ನಾಯಕನಾಗಲು ಬೇಡ. ತಮಟೆ ಬಡಿಯಲು ಮಾತ್ರ ನಮ್ಮನ್ನು ಕರೆಯುವ ಊರಹಬ್ಬದ ಹಾಗೆ.

ಬೇರೆ ದಾರಿಯೂ ಇದೆ. ಅಲಾಸ್ಕಾದ ಹಿಮದ ನಾಡಿನಲ್ಲಿ ಇನ್ಯೂಪಿಯಾಟ್ ಎಂಬ ಜನ ಇದ್ದಾರೆ. ಅಲ್ಲಿನ ಕುಕ್ ಇನ್ಲೆಟ್ ಬುಡಕಟ್ಟು ಮಂಡಳಿ ತಾನೇ ಆಟದ ಕಂಪನಿ ತೆರೆದು, ತಂತ್ರ ಬಲ್ಲವರ ಜೊತೆ ಸೇರಿ, 2014ರಲ್ಲಿ ‘ನೆವರ್ ಅಲೋನ್’ ತಂದಿತು. ಹಿಮಗಾಳಿ ಯಾಕೆ ನಿಲ್ಲುತ್ತಿಲ್ಲ ಅಂತ ಹುಡುಕಿಕೊಂಡು ಹೊರಟ ನೂನಾ ಎಂಬ ಹುಡುಗಿ, ಅವಳ ಜೊತೆ ಒಂದು ನರಿ. ಕಥೆ ರಾಬರ್ಟ್ ನಾಸ್ರುಕ್ ಕ್ಲೀವ್‌ಲೆಂಡ್ ಎಂಬ ಹಿರಿಯ ಹೇಳುತ್ತಿದ್ದದ್ದು. ಬಳಸುವ ಮೊದಲು ಅವರ ಮಗಳ ಒಪ್ಪಿಗೆ ಕೇಳಿದರು. ಕಥೆ ಹೇಳುವ ದನಿ ಇನ್ಯೂಪಿಯಾಕ್ ಭಾಷೆಯಲ್ಲೇ ಇದೆ, ಮಿಕ್ಕವರಿಗೆ ಕೆಳಗೆ ಅನುವಾದ. ಇಲ್ಲಿ ಆ ಜನ ಬರೀ ಚಿತ್ರವಲ್ಲ. ಯಜಮಾನರೂ ಅವರೇ, ಕಥೆಗಾರರೂ ಅವರೇ, ಲಾಭದಲ್ಲಿ ಪಾಲೂ ಅವರದೇ. ಮುಖ ಕಾಣುವುದಕ್ಕೂ ಲೇಖನಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು.

ನಮ್ಮ ನೆಲಕ್ಕೆ ಬರೋಣ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಆಟದ ಕಂಪನಿ ಹುಟ್ಟಿತು. ಪರದೇಶದ ಆಟಗಳಿಗೆ ಕಾರು, ಕಟ್ಟಡ, ಮರ ಬರೆದುಕೊಡುವುದು ಅದರ ಮುಖ್ಯ ಕೆಲಸವಾಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಅಮೆರಿಕದ ಬೀದಿಗೆ ಬೆಂಗಳೂರಿನ ಕೈ ಬಣ್ಣ ಹಚ್ಚುತ್ತದೆ. ಕಥೆ ಮಾತ್ರ ಬೇರೆಯವರದು. 2017ರಲ್ಲಿ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ನಡೆಯುವುದೇ ಪಶ್ಚಿಮಘಟ್ಟದಲ್ಲಿ, ಹೊಯ್ಸಳರ ಪಾಳುಗುಡಿಗಳ ನಡುವೆ. ಹುಡುಕುವುದು ಗಣೇಶನ ದಂತ. ಇಬ್ಬರು ಹೆಂಗಸರನ್ನು ನಾಯಕಿಯರಾಗಿ ಮಾಡಿದ್ದಕ್ಕೆ ಮೆಚ್ಚಬೇಕು. ಒಬ್ಬಳ ಅಪ್ಪ ಭಾರತದವನು, ಇನ್ನೊಬ್ಬಳು ದಕ್ಷಿಣ ಆಫ್ರಿಕಾದ ಕಪ್ಪು ಹೆಣ್ಣು. ಇಬ್ಬರಿಗೂ ದನಿ ಕೊಟ್ಟವರು ಬಿಳಿಯ ನಟಿಯರು. ಮೈ ನಮ್ಮದು, ಮಾತು ಅವರದು. ಆ ಗುಡಿಗಳ ಬಳಪದ ಕಲ್ಲು ಎಳೆದವರು ಯಾರು, ಕಟ್ಟಿದ ಮೇಲೆ ಹೊರಗೆ ನಿಂತವರು ಯಾರು ಅಂತ ಆ ಆಟ ಕೇಳುವುದಿಲ್ಲ. ಪರದೇಶದವರನ್ನು ಯಾಕೆ ಬೈಯೋಣ, ನಮ್ಮ ಪಠ್ಯಪುಸ್ತಕಗಳೇ ಎಷ್ಟು ಸಲ ಕೇಳಿವೆ?

ಕಪ್ಪು ಜನರ ಹೋರಾಟದಿಂದ ನಾವು ಕಲಿಯುವುದು ಇದೇ ಮೊದಲಲ್ಲ. 1946ರಲ್ಲಿ ಬಾಬಾಸಾಹೇಬರು ಡು ಬೋಯಿಸ್ ಅವರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ತೆಗೆದುಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಲಾಸನ್ನರ ಕಥೆಯನ್ನೂ ನೂನಾಳ ಕಥೆಯನ್ನೂ ನಮ್ಮ ಹಟ್ಟಿಗೆ ತರುವುದು ಅದೇ ದಾರಿಯ ಮುಂದಿನ ಹೆಜ್ಜೆ.

ಹಳ್ಳಿಯ ಮೇಷ್ಟ್ರುಗಳಲ್ಲಿ ಒಂದು ಮಾತು. ‘ಒರೆಗಾನ್ ಟ್ರೇಲ್’ ಬರೆದವರೂ ನಿಮ್ಮಂಥವರೇ. ಕಂಪ್ಯೂಟರು ಇಲ್ಲದಿದ್ದರೆ ರಟ್ಟು ಸಾಕು, ಇದ್ದಿಲು ಸಾಕು. ಊರ ಬಾವಿಗೆ ಹೋಗುವ ದಾರಿಯನ್ನು ಮಕ್ಕಳ ಕೈಲೇ ಬರೆಸಿ. ಯಾವ ಮನೆಯಲ್ಲಿ ಹಾವು, ಎಲ್ಲಿ ಏಣಿ ಅಂತ ಅವರೇ ಹೇಳಲಿ. ಬರೀ ಅಳು ಬೇಡ. ನಮ್ಮ ತಮಟೆ ಇರಲಿ, ಜಾತ್ರೆಯ ಬತ್ತಾಸು ಇರಲಿ, ಅವ್ವನ ಬೈಗುಳ ಇರಲಿ. ಕಂಪ್ಯೂಟರು ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಬರೀ ಬಣ್ಣ ಹಚ್ಚುವ ಕೂಲಿಗೆ ನಿಲ್ಲದೆ ಆಟದ ಕಟ್ಟಳೆಯನ್ನೇ ಬರೆಯಲಿ. ಯಾರಿಗೆ ಅಂಕ, ಯಾತಕ್ಕೆ ಅಂಕ ಅಂತ ತೀರ್ಮಾನ ಮಾಡುವವನೇ ಆಟದ ಮನು.

ಹುಲಿ-ಕುರಿ ಆಟ ಆಡಿದವರಿಗೆ ಗೊತ್ತು. ಹುಲಿಗಳು ಕೆಲವೇ, ಕುರಿಗಳು ಬಹಳ. ಒಂಟಿ ಕುರಿಯ ಮೇಲೆ ಹುಲಿ ಹಾರುತ್ತದೆ. ಕುರಿಗಳು ಒಂದರ ಬೆನ್ನಿಗೆ ಒಂದು ಒತ್ತಿ ನಿಂತರೆ ಹುಲಿಗೆ ಹಾರಲು ಜಾಗ ಇರುವುದಿಲ್ಲ, ನಿಂತಲ್ಲೇ ಕಟ್ಟಿಬೀಳುತ್ತದೆ. ಇದ್ದಿಲಲ್ಲಿ ಗೆರೆ ಎಳೆದ ನಮ್ಮ ಅಜ್ಜಂದಿರು ಇದನ್ನು ಆಡಿ ಆಡಿ ತೋರಿಸಿ ಹೋಗಿದ್ದಾರೆ. ಜಗಲಿ ಅಲ್ಲೇ ಇದೆ. ಹುಡುಗರೂ ಅಲ್ಲೇ ಕೂತಿದ್ದಾರೆ. ಗೆರೆ ಎಳೆಯುವ ಕೈ ಈಗ ನಮ್ಮದಾಗಬೇಕು.